ಡ್ಯಾಶ್‌ಬೋರ್ಡ್ ಕೊರೆಯದೆ ಕಾರಿಗೊಂದು ರೇಡಿಯೋ

ಶಹಾಬಾದಿನ ಪರ್ಸಿಕಲ್ಲನ್ನು ಅಳತೆ ತಪ್ಪಿ ಕತ್ತರಿಸಿದರೆ ಮತ್ತೆ ಜೋಡಿಸಲು ಬರುವುದಿಲ್ಲ. ಆದರೂ ಚಪ್ಪಡಿಯೊಂದು ಹಾಳಾದರೆ ಗಣಿಯಿಂದ ಇನ್ನೊಂದನ್ನು ಎಬ್ಬಿಸಬಹುದು. ಐವತ್ತು ಅರವತ್ತು ವರ್ಷ ಹಳೆಯ ಕಾರಿನ ಡ್ಯಾಶ್‌ಬೋರ್ಡಿಗೆ ಗರಗಸ ಹಾಕಿದರೆ, ಅದರ ಬದಲಿಗೆ ತರಲು ಯಾವ ಗಣಿಯೂ ಇಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸುತ್ತಿನ ಸೀಮೆ ಸುಣ್ಣಕಲ್ಲು ಮತ್ತು ಸಿಮೆಂಟಿನ ಸೀಮೆ. ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ, ರೈಲ್ವೆ, ಸರ್ಕಾರಿ ಕಚೇರಿ ಇರುವ ಕಡೆಗಳಲ್ಲೆಲ್ಲ ಒಂದು ಕಾಲಕ್ಕೆ ಜೀಪು ಮತ್ತು ಅಂಬಾಸಿಡರ್ ಓಡಾಡುತ್ತಿದ್ದವು. ಅಂಥ ವಾಹನಗಳಲ್ಲಿ ಗುಜರಿಗೆ ಹೋದವೇ ಹೆಚ್ಚು. ಉಳಿದ ಕೆಲವನ್ನು ಮಕ್ಕಳೋ ಮೊಮ್ಮಕ್ಕಳೋ ಈಗ ದುರಸ್ತಿ ಮಾಡಿಸಿ ರಸ್ತೆಗೆ ಇಳಿಸಲು ಆಸೆ ಪಡುತ್ತಾರೆ. ಎಂಜಿನ್ ಸರಿಯಾಯಿತು, ಬಣ್ಣ ಬಳಿದದ್ದಾಯಿತು, ಸೀಟಿಗೆ ಹೊಸ ಹೊದಿಕೆ ಬಂತು ಎಂದ ಮೇಲೆ ಹುಟ್ಟುವ ಕೊನೆಯ ಆಸೆ ಹಾಡಿನದು. ಮೆಕ್ಯಾನಿಕ್ ಡ್ರಿಲ್ ಕೈಗೆತ್ತಿಕೊಳ್ಳುವುದು ಆಗಲೇ.

ಹೊಸ ಕಾರಿನ ರೇಡಿಯೋ ಕೂರಲು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಕಿಂಡಿ ಬೇಕು. ಹಳೆಯ ಕಾರುಗಳಲ್ಲಿ ಆ ಅಳತೆಯ ಕಿಂಡಿ ಇರುವುದಿಲ್ಲ. ಅರ್ಧ ಗಂಟೆಯ ಕೆಲಸದಲ್ಲಿ ತಗಡು ಕತ್ತರಿಸಿ ರೇಡಿಯೋ ಕೂರಿಸಿ ಕೊಡಬಹುದು. ಹತ್ತು ವರ್ಷದ ನಂತರ ಆ ರೇಡಿಯೋ ಕೆಟ್ಟು ಹೋಗುತ್ತದೆ. ತೂತು ಮಾತ್ರ ಉಳಿಯುತ್ತದೆ.

ಕೊರೆಯದೆ ರೇಡಿಯೋ ಹಾಕಲು ದಾರಿಯಿಲ್ಲವೇ? ಇದೆ. ಅದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಯೂ ಇಲ್ಲ. ಕಾರು ಮತ್ತು ರೇಡಿಯೋಗಳ ಗೆಳೆತನ ಆರಂಭವಾದದ್ದೇ ಡ್ಯಾಶ್‌ಬೋರ್ಡನ್ನು ಮುಟ್ಟದ ಪದ್ಧತಿಯಿಂದ ಎಂಬುದು ಬಹಳ ಮಂದಿಗೆ ತಿಳಿಯದ ಸಂಗತಿ.

ಪೆಟ್ಟಿಗೆ ಕೆಳಗೆ, ಗುಂಡಿ ಮೇಲೆ

1930ರಲ್ಲಿ ಅಮೆರಿಕದ ಷಿಕಾಗೋ ನಗರದ ಗ್ಯಾಲ್ವಿನ್ ಮ್ಯಾನುಫ್ಯಾಕ್ಚರಿಂಗ್ ಕಂಪೆನಿಯ ಪಾಲ್ ಗ್ಯಾಲ್ವಿನ್ ತಮ್ಮ ಸ್ಟುಡಿಬೇಕರ್ ಕಾರಿಗೆ ರೇಡಿಯೋ ಅಳವಡಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ರೇಡಿಯೋ ತಯಾರಕರ ಸಮಾವೇಶಕ್ಕೆ ಹೋದರು. ಓಡುವ ಕಾರಿಗೆಂದೇ ತಯಾರಾದ ಆ ರೇಡಿಯೋಗೆ ಅವರು ಇಟ್ಟ ಹೆಸರು ‘ಮೋಟೊರೋಲಾ’. ಮುಂದೆ ಕಂಪೆನಿಗೇ ಆ ಹೆಸರು ಬಂತು.

ಆ ಕಾಲದ ರೇಡಿಯೋ ಎಂದರೆ ವಾಲ್ವ್ ರೇಡಿಯೋ. ಗಾಜಿನ ಬುರುಡೆಯಂಥ ವಾಲ್ವ್‌ಗಳು, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಎಲ್ಲ ಸೇರಿ ದೊಡ್ಡ ಪೆಟ್ಟಿಗೆಯೇ ಆಗುತ್ತಿತ್ತು. ಅದನ್ನು ಡ್ಯಾಶ್‌ಬೋರ್ಡಿನಲ್ಲಿ ತುರುಕಲು ಸಾಧ್ಯವೇ ಇರಲಿಲ್ಲ. ಹಾಗಾಗಿ ಪೆಟ್ಟಿಗೆಯನ್ನು ಕಾಲಿಡುವ ಜಾಗದ ಮುಂದಿನ ಗೋಡೆಗೆ ಅಥವಾ ಸೀಟಿನ ಕೆಳಗೆ ಬಿಗಿಯುತ್ತಿದ್ದರು. ಕೇಂದ್ರ ಬದಲಿಸುವ, ಸದ್ದು ಏರಿಳಿಸುವ ಎರಡು ಗುಂಡಿಗಳಿದ್ದ ಅಂಗೈ ಅಗಲದ ತುಣುಕೊಂದನ್ನು ಮಾತ್ರ ಸ್ಟಿಯರಿಂಗ್ ಕಂಬಕ್ಕೆ ಪಟ್ಟಿ ಹಾಕಿ ಕಟ್ಟುತ್ತಿದ್ದರು. ಎರಡರ ನಡುವೆ ಸ್ಪೀಡೋಮೀಟರ್ ಕೇಬಲಿನಂಥ ಬಳುಕುವ ತಂತಿ. ಗುಂಡಿ ತಿರುಗಿಸಿದರೆ ಆ ತಂತಿಯೂ ತಿರುಗಿ, ಕೆಳಗಿನ ಪೆಟ್ಟಿಗೆಯಲ್ಲಿ ಕೇಂದ್ರ ಬದಲಾಗುತ್ತಿತ್ತು.

ಜರ್ಮನಿಯ ಬ್ಲೌಪುಂಕ್ಟ್ 1932ರಲ್ಲಿ ಹೊರತಂದ ‘ಆಟೋಸೂಪರ್ ಎಎಸ್ 5’ ಯೂರೋಪಿನ ಮೊದಲ ಕಾರ್ ರೇಡಿಯೋ. ತೂಕ ಸುಮಾರು 15 ಕೆ.ಜಿ., ಬೆಲೆ ಆಗಿನ ಸಣ್ಣ ಕಾರೊಂದರ ಬೆಲೆಯ ಮೂರನೇ ಒಂದು ಭಾಗದಷ್ಟು. ಅದರಲ್ಲಿಯೂ ಪೆಟ್ಟಿಗೆ ಬೇರೆ ಕಡೆ, ಗುಂಡಿಗಳು ಸ್ಟಿಯರಿಂಗ್ ಕಂಬದ ಮೇಲೆ.

ಈ ಪೆಟ್ಟಿಗೆಯನ್ನು ನುಡಿಸುವುದು ಸುಲಭದ ಕೆಲಸವಾಗಿರಲಿಲ್ಲ. ವಾಲ್ವ್‌ಗಳಿಗೆ ನೂರಾರು ವೋಲ್ಟ್ ವಿದ್ಯುತ್ ಬೇಕು. ಅಂದಿನ ಅನೇಕ ಕಾರುಗಳ ಬ್ಯಾಟರಿ ಕೊಡುತ್ತಿದ್ದುದು 6 ವೋಲ್ಟ್. ‘ವೈಬ್ರೇಟರ್’ ಎಂಬ ಚಿಕ್ಕ ಸಾಧನ ಬ್ಯಾಟರಿಯ ನೇರ ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಸಲ ಕಡಿದು ಕೂಡಿಸಿ ಟ್ರಾನ್ಸ್‌ಫಾರ್ಮರ್‌ಗೆ ಉಣಿಸುತ್ತಿತ್ತು. ಹಳೆಯ ರೇಡಿಯೋ ಹಾಕಿದೊಡನೆ ಕೇಳುವ ಜೇನ್ನೊಣದಂಥ ಗುಂಯ್‌ಗುಡುವಿಕೆ ಇದರದೇ. ಜೊತೆಗೆ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ಒಂದು ಸಣ್ಣ ರೇಡಿಯೋ ಕೇಂದ್ರದಂತೆ ವರ್ತಿಸಿ ಹಾಡಿನ ಮೇಲೆ ‘ಟಕಟಕ’ ಸದ್ದು ಸೇರಿಸುತ್ತಿತ್ತು. ಪ್ಲಗ್ಗಿನ ತಂತಿಗೆ ರೆಸಿಸ್ಟರ್, ಡೈನಮೋಗೆ ಕಂಡೆನ್ಸರ್ ಹಾಕಿ ಅದನ್ನು ಅಡಗಿಸಬೇಕಾಗಿತ್ತು.

ಎರಡನೇ ಮಹಾಯುದ್ಧದ ಜೀಪುಗಳಲ್ಲಿಯೂ ಇದೇ ಕ್ರಮ ಕಾಣುತ್ತದೆ. ವಿಲ್ಲಿಸ್ ಜೀಪಿನ ಡ್ಯಾಶ್‌ಬೋರ್ಡ್ ಒಂದು ಚಪ್ಪಟೆ ಉಕ್ಕಿನ ಹಲಗೆ. ಸೇನೆಯವರು ವೈರ್‌ಲೆಸ್ ಸೆಟ್ ಹಾಕಲು ಅದನ್ನು ಕೊರೆಯಲಿಲ್ಲ. ಸೆಟ್ಟನ್ನು ಹಿಂಭಾಗದಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದರು. ಕಿಡಿಯ ಗದ್ದಲ ಅಡಗಿಸಿದ ಅಮೆರಿಕನ್ ಸೇನಾ ವಾಹನಗಳ ಬಾನೆಟ್ಟಿನ ಮೇಲೆ ನಂಬರಿನ ಕೊನೆಗೆ ‘ಎಸ್’ ಎಂಬ ಅಕ್ಷರ ಬರೆಯುತ್ತಿದ್ದರು. ಯುದ್ಧ ಮುಗಿದ ಮೇಲೆ ಇಂಥ ಜೀಪಿನ ನಾಗರಿಕ ರೂಪವನ್ನೇ ಮಹೀಂದ್ರ ಕಂಪೆನಿ ಭಾರತದಲ್ಲಿ ಜೋಡಿಸಿ ಮಾರಿತು.

ಹೈದರಾಬಾದಿನಿಂದ ಕಲಬುರಗಿಗೆ

ಈ ಸೀಮೆಗೆ ಓಡಾಟದ ಹೊಸ ಯುಗ ಬಂದದ್ದು ರೈಲಿನ ಮೂಲಕ. 1874ರಲ್ಲಿ ನಿಜಾಮರ ರೈಲು ಮಾರ್ಗ ಸಿಕಂದರಾಬಾದನ್ನು ವಾಡಿಗೆ ಜೋಡಿಸಿತು. ಮುಂಬಯಿ-ಮದ್ರಾಸ್ ಮಾರ್ಗಕ್ಕೆ ಅದು ಸೇರಿದ್ದರಿಂದ ವಾಡಿ ಜಂಕ್ಷನ್ ಆಯಿತು. ಚಿತ್ತಾಪುರ, ಸೇಡಂ ಆ ಮಾರ್ಗದ ನಿಲ್ದಾಣಗಳಾದವು. ಶಹಾಬಾದ್ ಮುಂಬಯಿ ಮಾರ್ಗದಲ್ಲೇ ಇತ್ತು. 1932ರಲ್ಲಿ ನಿಜಾಮ್ ರೈಲ್ವೆ ರಸ್ತೆ ಸಾರಿಗೆಗೂ ಕೈ ಹಾಕಿ 27 ಬಸ್ಸು, 166 ನೌಕರರೊಂದಿಗೆ ಕೆಲಸ ಆರಂಭಿಸಿತು.

ರೇಡಿಯೋ ಬಂದದ್ದೂ ಆ ದಶಕದಲ್ಲೇ. ಹೈದರಾಬಾದಿನಲ್ಲಿ ಖಾಸಗಿಯಾಗಿ ಆರಂಭವಾಗಿದ್ದ ಪುಟ್ಟ ಕೇಂದ್ರವನ್ನು ನಿಜಾಮ್ ಸರ್ಕಾರ 1935ರಲ್ಲಿ ವಹಿಸಿಕೊಂಡಿತು. ಅದೇ ವರ್ಷ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದ್ದರು. ಹೈದರಾಬಾದಿನ ಕೇಂದ್ರಕ್ಕೆ ಬಂದ ಹೆಸರು ಡೆಕ್ಕನ್ ರೇಡಿಯೋ. ಉರ್ದುವಿಗೆ ಅದರಲ್ಲಿ ಅಗ್ರಸ್ಥಾನ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಕೊನೆಗೊಂಡಾಗ ನಿಜಾಮರು ಪ್ರಜೆಗಳಿಗೆ ತಮ್ಮ ತೀರ್ಮಾನ ತಿಳಿಸಿದ್ದು ರೇಡಿಯೋದಲ್ಲಿ. 1950ರ ಏಪ್ರಿಲ್ 1ರಂದು ಆ ಕೇಂದ್ರ ಭಾರತ ಸರ್ಕಾರದ ಕೈಗೆ ಬಂತು.

1956ರಲ್ಲಿ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದರೂ ಅದಕ್ಕೆ ತನ್ನದೇ ಕೇಂದ್ರ ದೊರೆಯಲು ಹತ್ತು ವರ್ಷ ಕಾಯಬೇಕಾಯಿತು. ಅಲ್ಲಿಯವರೆಗೆ ಕನ್ನಡ ಕೇಳಬೇಕೆಂದರೆ 1950ರಲ್ಲಿ ಆರಂಭವಾದ ಧಾರವಾಡ, 1955ರಲ್ಲಿ ಬಂದ ಬೆಂಗಳೂರು ಕೇಂದ್ರಗಳ ಕಡೆ ಮುಳ್ಳು ತಿರುಗಿಸಬೇಕಿತ್ತು. ಹಿಂದಿ ಚಿತ್ರಗೀತೆ ಬೇಕಾದವರಿಗೆ ರೇಡಿಯೋ ಸಿಲೋನ್. 1957ರ ನಂತರ ವಿವಿಧ ಭಾರತಿ. 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಹತ್ತಿರದ ದನಿಯೇ ಕೇಳುವಂತಾಯಿತು. ಮುಂದೆ ಮಧ್ಯಮ ತರಂಗದ 1107 ಕಿಲೋಹರ್ಟ್ಸ್, ಅಂದರೆ ಹಳೆಯ ಡಯಲುಗಳ ಲೆಕ್ಕದಲ್ಲಿ 271 ಮೀಟರ್, ಈ ಕೇಂದ್ರದ ಗುರುತಾಯಿತು.

ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಸೆಟ್ ಹೊಂದುವಂತಿರಲಿಲ್ಲ. ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಬೇಕಿತ್ತು. 1980ರ ದಶಕದಲ್ಲಿ ಈ ಪದ್ಧತಿ ರದ್ದಾಯಿತು. ಹಳೆಯ ಕಾರಿನ ಕಾಗದಗಳ ನಡುವೆ ಅಂಥ ಲೈಸೆನ್ಸ್ ಪುಸ್ತಕ ಸಿಕ್ಕರೆ ಅದನ್ನು ಎಸೆಯಬಾರದು. ಆ ಮನೆಯಲ್ಲಿ ರೇಡಿಯೋ ಇತ್ತು, ಯಾವ ವರ್ಷದವರೆಗೆ ಇತ್ತು ಎಂಬುದಕ್ಕೆ ಅದು ಸಾಕ್ಷಿ.

ಗರಗಸ ಬಂದದ್ದು ಹೇಗೆ?

1930ರ ದಶಕದ ಕೊನೆಯ ಹೊತ್ತಿಗೆ ರೇಡಿಯೋ ಚಿಕ್ಕದಾಗುತ್ತ ಬಂತು. ಕಾರು ತಯಾರಕರೇ ಡ್ಯಾಶ್‌ಬೋರ್ಡಿನ ನಡುವೆ ಅದಕ್ಕೆಂದು ಜಾಗ ಬಿಡತೊಡಗಿದರು. ರೇಡಿಯೋ ಬೇಡ ಎಂದವರಿಗೆ ಆ ಜಾಗವನ್ನು ತಗಡಿನ ಮುಚ್ಚಳದಿಂದ ಮುಚ್ಚಿ ಕೊಡುತ್ತಿದ್ದರು. ಎಡಕ್ಕೊಂದು, ಬಲಕ್ಕೊಂದು ಗುಂಡಿ, ನಡುವೆ ಡಯಲು. ಹಳೆಯ ಕಾರ್ ರೇಡಿಯೋ ಎಂದೊಡನೆ ಕಣ್ಣಿಗೆ ಕಟ್ಟುವ ರೂಪ ಇದೇ.

1947ರ ಡಿಸೆಂಬರಿನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೋ ಕಂಪೆನಿಗಳು ವಾಲ್ವ್ ಇಲ್ಲದ, ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೋ ಪ್ರಕಟಿಸಿದವು. ವೈಬ್ರೇಟರಿನ ಗುಂಯ್‌ಗುಡುವಿಕೆ ಅಲ್ಲಿಗೆ ಮುಗಿಯಿತು. ಸೆಟ್ ಚಿಕ್ಕದಾಯಿತು, ಬ್ಯಾಟರಿಯ ಮೇಲಿನ ಹೊರೆ ಇಳಿಯಿತು.

ಇಲ್ಲಿಯವರೆಗೆ ಡ್ಯಾಶ್‌ಬೋರ್ಡಿಗೆ ಹೆಚ್ಚಿನ ಅಪಾಯವಿರಲಿಲ್ಲ. ಅಪಾಯ ತಂದದ್ದು ಕ್ಯಾಸೆಟ್. 1963ರಲ್ಲಿ ಫಿಲಿಪ್ಸ್ ಕಂಪೆನಿ ಹೊರತಂದ ಕ್ಯಾಸೆಟ್ ಮುಂದೆ ಕಾರಿಗೂ ಬಂತು. ಕ್ಯಾಸೆಟ್ ಒಳಗೆ ತೂರುವ ಬಾಯಿ, ಸಾಲು ಗುಂಡಿಗಳು ಇದ್ದ ಹೊಸ ಸೆಟ್ ಹಳೆಯ ಎರಡು ಗುಂಡಿಗಳ ಜಾಗದಲ್ಲಿ ಹಿಡಿಸುತ್ತಿರಲಿಲ್ಲ. 1980ರ ದಶಕದಲ್ಲಿ ಜರ್ಮನಿಯ ಪ್ರಮಾಣಕ ಸಂಸ್ಥೆ 180 x 50 ಮಿಲಿಮೀಟರ್ ಅಳತೆಯನ್ನು ನಿಗದಿ ಮಾಡಿತು. ಮುಂದೆ ಜಗತ್ತೆಲ್ಲ ಅದೇ ಅಳತೆ ನಡೆಯಿತು. ಅದಕ್ಕೂ ಮೊದಲೇ ತಯಾರಾದ ಕಾರುಗಳ ಗತಿ? ಹೊಸ ಸೆಟ್ಟಿಗೆ ಹೊಂದುವಂತೆ ಅವುಗಳ ತಗಡನ್ನೇ ಕತ್ತರಿಸಲಾಯಿತು.

ಅಂದು ಹೀಗೆ ಮಾಡಿದವರನ್ನು ದೂರುವುದು ಸರಿಯಲ್ಲ. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಆಗ ದಿನನಿತ್ಯದ ಕಾರು. ಅದನ್ನು ಯಾರೂ ಕಾಪಾಡಬೇಕಾದ ವಸ್ತು ಎಂದು ಭಾವಿಸಿರಲಿಲ್ಲ. ಈಗ ಮಾತು ಬೇರೆ. ಆ ಕಾರು ಇನ್ನು ತಯಾರಾಗುವುದಿಲ್ಲ.

ಕೊರೆಯದೆ ಕೂರಿಸುವ ಬಗೆ

ಮೊದಲ ಉಪಾಯ ಬಲು ಸರಳ. ಡ್ಯಾಶ್‌ಬೋರ್ಡಿನ ಕೆಳಗೆ ಈಗಾಗಲೇ ಇರುವ ಬೋಲ್ಟ್‌ಗಳನ್ನೇ ಸಡಿಲಿಸಿ, ಅವುಗಳಿಗೆ ಕಬ್ಬಿಣದ ಪಟ್ಟಿಯೊಂದನ್ನು ಸೇರಿಸಿ ಮತ್ತೆ ಬಿಗಿಯುವುದು. ಆ ಪಟ್ಟಿಗೆ ರೇಡಿಯೋ ತೂಗು ಹಾಕಿದರೆ ಹೊಸ ತೂತು ಬೇಕಾಗುವುದಿಲ್ಲ. ಬೇಡವೆನಿಸಿದಾಗ ನಾಲ್ಕು ಬೋಲ್ಟ್ ಬಿಚ್ಚಿದರೆ ಕಾರು ಮೊದಲಿನಂತೆಯೇ. ಗೇರು ಹಾಕುವಾಗ ಕೈಗೆ, ಬ್ರೇಕ್ ತುಳಿಯುವಾಗ ಮೊಣಕಾಲಿಗೆ ತಾಗದಂತೆ ಜಾಗ ನೋಡಿಕೊಂಡರೆ ಸಾಕು.

ಎರಡನೆಯದು ಗ್ಲೋವ್ ಬಾಕ್ಸ್. ಮುಚ್ಚಳ ಹಾಕಿದರೆ ಸೆಟ್ ಕಾಣುವುದೇ ಇಲ್ಲ. ಆದರೆ ಕಲಬುರಗಿಯ ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದುಂಟು. ಬಿಸಿಲಲ್ಲಿ ನಿಂತ ಕಾರಿನ ಮುಚ್ಚಿದ ಪೆಟ್ಟಿಗೆಯೊಳಗೆ ಸೆಟ್ ಇನ್ನೂ ಕಾಯುತ್ತದೆ. ಗಾಳಿಯಾಡಲು ಹಿಂಬದಿ ಜಾಗ ಬಿಡಬೇಕು. ಹಾಡು ಕೇಳುವಾಗ ಮುಚ್ಚಳ ತೆರೆದಿಡುವುದು ಒಳ್ಳೆಯದು.

ಮೂರನೆಯದು 1930ರ ಪದ್ಧತಿಯ ಹೊಸ ರೂಪ. ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಸೀಟಿನ ಕೆಳಗಿಟ್ಟು, ಮೊಬೈಲ್ ಫೋನಿನಿಂದ ಬ್ಲೂಟೂತ್ ಮೂಲಕ ನುಡಿಸುವುದು. ಅಂದು ಸ್ಟಿಯರಿಂಗ್ ಕಂಬದ ಮೇಲಿದ್ದ ಗುಂಡಿ ಇಂದು ಜೇಬಿನಲ್ಲಿರುತ್ತದೆ. ಆಕಾಶವಾಣಿಯ ಕೇಂದ್ರಗಳು ಫೋನಿನ ಆ್ಯಪ್‌ನಲ್ಲಿ ಸಿಗುವುದರಿಂದ ವಾರ್ತೆಗೂ ಕೊರತೆಯಿಲ್ಲ.

ನಾಲ್ಕನೆಯದು, ಕಾರಿನಲ್ಲಿ ಹಳೆಯ ರೇಡಿಯೋ ಉಳಿದಿದ್ದರೆ ಅದರ ಡಯಲು, ಗುಂಡಿಗಳನ್ನು ಹಾಗೇ ಇಟ್ಟು ಒಳಗೆ ಹೊಸ ಸರ್ಕೀಟು ಹಾಕಿಸುವುದು. ಹೊರಗಿನಿಂದ ಹಳೆಯ ಸೆಟ್, ಒಳಗೆ ಎಫ್‌ಎಂ. ಇದರಲ್ಲೊಂದು ಎಚ್ಚರಿಕೆ ಅಗತ್ಯ. ಡ್ಯಾಶ್‌ಬೋರ್ಡ್ ಉಳಿಸಲು ಹೋಗಿ ರೇಡಿಯೋದ ಹೊಟ್ಟೆ ಬಗೆದಂತಾಗಬಾರದು. ಹಳೆಯ ಸೆಟ್ ದುರಸ್ತಿಯಾಗುವಂತಿದ್ದರೆ ದುರಸ್ತಿಯೇ ಮೇಲು. ಒಳಭಾಗ ತೆಗೆಯಲೇಬೇಕಾದರೆ ತೆಗೆದದ್ದನ್ನು ಡಬ್ಬಿಯಲ್ಲಿಟ್ಟು, ಚೀಟಿ ಬರೆದು, ಕಾರಿನ ಜೊತೆಗೇ ಕಾಪಾಡಬೇಕು.

ಸ್ಪೀಕರಿಗಾಗಿ ಬಾಗಿಲು ಕೊರೆಯುವುದು ಇನ್ನೊಂದು ರೂಢಿ. ಅದರ ಬದಲು ಮರದ ಚಿಕ್ಕ ಪೆಟ್ಟಿಗೆಯಲ್ಲಿ ಸ್ಪೀಕರ್ ಕೂರಿಸಿ ಹಿಂದಿನ ಸೀಟಿನ ಮೇಲ್ಹಲಗೆಯ ಮೇಲೋ, ಮುಂದಿನ ಸೀಟಿನ ಅಡಿಯಲ್ಲೋ ಇಡಬಹುದು. ಏರಿಯಲ್ಲಿನ ವಿಷಯದಲ್ಲಿಯೂ ಇಷ್ಟೇ ಎಚ್ಚರ ಬೇಕು. ಉಕ್ಕಿನ ಕಾರು ರೇಡಿಯೋ ತರಂಗಗಳನ್ನು ಬಹುಮಟ್ಟಿಗೆ ಹೊರಗೇ ತಡೆಯುತ್ತದೆ. ಟ್ರಾನ್ಸಿಸ್ಟರ್ ರೇಡಿಯೋವನ್ನು ಸೀಟಿನ ಮೇಲಿಟ್ಟರೆ ಸದ್ದು ಕ್ಷೀಣಿಸುವುದು ಇದಕ್ಕೇ. ಮೊದಲಿನ ಕಾರುಗಳ ಚಾವಣಿಯಲ್ಲಿ ಬಟ್ಟೆಯ ಭಾಗವಿರುತ್ತಿತ್ತು. ಅದರೊಳಗೇ ತಂತಿ ಹರಡಿ ಏರಿಯಲ್ ಮಾಡುತ್ತಿದ್ದರು. 1935ರ ಸುಮಾರಿಗೆ ಚಾವಣಿ ಪೂರ್ತಿ ಉಕ್ಕಿನದಾದಾಗ ಏರಿಯಲ್ ಹೊರಗೆ ಬಂತು. ಮಳೆನೀರು ಇಳಿಯಲು ಕಿಟಕಿಯ ಮೇಲೆ ಇರುವ ಅಂಚಿಗೆ ಕ್ಲಿಪ್ ಹಾಕಿ ನಿಲ್ಲಿಸುವ ಏರಿಯಲ್ಲು ತೂತಿಲ್ಲದೆ ಕೆಲಸ ಮಾಡುತ್ತದೆ.

ವಿದ್ಯುತ್ ಜೋಡಣೆಯಲ್ಲಿ ಮಾತ್ರ ಆತುರ ಸಲ್ಲದು. ಬ್ರಿಟಿಷ್ ಮೂಲದ ಅನೇಕ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಕಾರಿನ ಚಾಸಿಗೆ ಕಟ್ಟಿರುತ್ತಾರೆ. ಇಂದಿನ ರೇಡಿಯೋಗಳು ಋಣ ತುದಿ ಚಾಸಿಗೆ ಸೇರಿದೆ ಎಂದು ನಂಬಿ ತಯಾರಾದವು. ಇದನ್ನು ನೋಡದೆ ರೇಡಿಯೋದ ಲೋಹದ ಕವಚವನ್ನು ಕಾರಿಗೆ ತಾಗಿಸಿ ಬಿಗಿದರೆ ಶಾರ್ಟ್ ಆಗಿ ಸೆಟ್ ಸುಡುತ್ತದೆ. ಹಳೆಯ ಬಟ್ಟೆ ಸುತ್ತಿದ ವೈರಿಗೂ ಬೆಂಕಿ ಹತ್ತಬಹುದು. ಒಳಬರುವ ಮತ್ತು ಹೊರಹೋಗುವ ವಿದ್ಯುತ್ತನ್ನು ಬೇರ್ಪಡಿಸುವ ಪರಿವರ್ತಕ ಬಳಸುವುದು ಕ್ಷೇಮ. 6 ವೋಲ್ಟಿನ ಕಾರಿಗೆ 12 ವೋಲ್ಟ್ ಕೊಡುವ ಪರಿವರ್ತಕವೂ ಸಿಗುತ್ತದೆ. ಹೊಸ ಸೆಟ್ಟಿಗೆ ಪ್ರತ್ಯೇಕ ವೈರು, ಪ್ರತ್ಯೇಕ ಫ್ಯೂಸ್ ಇರಲಿ. ಡೈನಮೋ ಇರುವ ಕಾರು ನಿಂತಲ್ಲೇ ಎಂಜಿನ್ ಓಡಿಸಿದಾಗ ಬ್ಯಾಟರಿಗೆ ಹೆಚ್ಚೇನೂ ತುಂಬುವುದಿಲ್ಲ ಎಂಬುದನ್ನೂ ನೆನಪಿಡಬೇಕು. ದೊಡ್ಡ ಆಂಪ್ಲಿಫೈಯರ್ ಹಾಕಿ ವಾಡಿ ರೈಲ್ವೆ ಗೇಟಿನಲ್ಲಿ ಹಾಡು ಕೇಳುತ್ತ ನಿಂತರೆ, ಗೇಟು ತೆರೆದಾಗ ಕಾರು ತಳ್ಳಬೇಕಾದೀತು.

ಕಾನೂನಿನ ಕಣ್ಣಲ್ಲಿ

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಮಾಡಿ ‘ವಿಂಟೇಜ್’ ವಾಹನಗಳಿಗೆ ಬೇರೆ ನೋಂದಣಿ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ನಂಬರ್ ಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದಿರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮೊದಲಾದ ಉದ್ದೇಶಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು.

ವಾಹನ ಮೂಲ ರೂಪದಲ್ಲಿ ಇರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಇದರ ಮುಖ್ಯ ಷರತ್ತು. ನಿಯಮದಲ್ಲಿ ಡ್ಯಾಶ್‌ಬೋರ್ಡಿನ ಪ್ರಸ್ತಾಪವಿಲ್ಲ. ರೇಡಿಯೋ ತೂತಿಗಾಗಿ ಅರ್ಜಿ ತಿರಸ್ಕೃತವಾಗುತ್ತದೆ ಎಂದು ಹೇಳಲಾಗದು. ಆದರೆ ಜೀಪಿನಂಥ ವಾಹನಗಳಲ್ಲಿ ಡ್ಯಾಶ್‌ಬೋರ್ಡ್ ಬಾಡಿಯದೇ ಭಾಗ. ಮೂಲ ರೂಪ ಎಂಬ ಮಾತಿಗೆ ಅರ್ಥ ಉಳಿಯಬೇಕಾದರೆ ಅಲ್ಲಿಗೆ ಗರಗಸ ಹಾಕದಿರುವುದೇ ಲೇಸು. 1970ರ ದಶಕದ ಆರಂಭದ ಜೀಪು, ಅಂಬಾಸಿಡರ್, ಫಿಯೆಟ್‌ಗಳು ಈಗ ಐವತ್ತು ದಾಟಿವೆ. ನಿನ್ನೆಯವರೆಗೆ ‘ಹಳೆಯ ಗಾಡಿ’ ಎನಿಸಿಕೊಂಡದ್ದು ಇಂದು ಕಾನೂನಿನ ಕಣ್ಣಲ್ಲಿ ಪರಂಪರೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ದ ಟ್ಯೂರಿನ್ ಸನ್ನದು 2013ರಲ್ಲಿ ಜಾರಿಗೆ ಬಂತು. ಕಟ್ಟಡಗಳ ಸಂರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನಿಂದ ಅದು ಸ್ಫೂರ್ತಿ ಪಡೆದಿದೆ. ಸಂರಕ್ಷಣೆ ಬಲ್ಲವರು ಒಪ್ಪುವ ಸೂತ್ರ ಒಂದೇ: ಬದಲಾವಣೆ ಮಾಡಲೇಬೇಕಾದರೆ ಅದು ಕನಿಷ್ಠವಾಗಿರಲಿ, ಮುಂದೆ ಬೇಕಾದವರು ಅದನ್ನು ತೆಗೆದು ಮೊದಲಿನ ಸ್ಥಿತಿಗೆ ತರುವಂತಿರಲಿ.

ಈ ಸೂತ್ರ ತಿಳಿಯಲು ವೆನಿಸ್‌ವರೆಗೆ ಹೋಗಬೇಕಿಲ್ಲ. ಸೇಡಂ ತಾಲ್ಲೂಕಿನಲ್ಲೇ, ಕಾಗಿಣಾ ನದಿಯ ದಂಡೆಯಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವಿದೆ. ಹಳೆಯ ಕಲ್ಲಿನ ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಬಾರದು, ಸುಣ್ಣದ ಗಾರೆಯನ್ನೇ ಬಳಸಬೇಕು ಎನ್ನುತ್ತಾರೆ ಸಂರಕ್ಷಣೆ ಬಲ್ಲವರು. ಗಾರೆಯನ್ನು ಕಲ್ಲಿಗೆ ನೋವಾಗದಂತೆ ಬಿಡಿಸಬಹುದು. ಸಿಮೆಂಟ್ ಕಲ್ಲನ್ನೂ ಕಿತ್ತುಕೊಂಡೇ ಬರುತ್ತದೆ. ದೇಶಕ್ಕೆಲ್ಲ ಸಿಮೆಂಟ್ ಕಳಿಸುವ ಈ ಸೀಮೆಯವರಿಗೆ ಅದರ ಗುಣ ಬೇರೆಯವರು ಹೇಳಬೇಕಿಲ್ಲ.

ರೇಡಿಯೋ ಬರುತ್ತದೆ, ಹೋಗುತ್ತದೆ. ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು, ಕ್ಯಾಸೆಟ್ ಬಂದು ಹೋಯಿತು, ಸಿ.ಡಿ.ಯೂ ಹೋಯಿತು. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ತೂತು ಕೊರೆದ ಕಾರಿನಲ್ಲಿ ಕೊನೆಗೆ ಉಳಿಯುವುದು ತೂತುಗಳೇ. ನಾಲ್ಕು ಬೋಲ್ಟ್‌ಗಳ ಮೇಲೆ ತೂಗು ಹಾಕಿದ ರೇಡಿಯೋ ಕೂಡ ಅಷ್ಟೇ ಚೆನ್ನಾಗಿ ಹಾಡುತ್ತದೆ. ಅಜ್ಜನ ಜೀಪು ಮೊಮ್ಮಗಳ ಕೈಗೆ ಹೋದಾಗ ಆಕೆ ಅದನ್ನು ಬಿಚ್ಚಿಡಬಹುದು; ತನ್ನ ಕಾಲದ ಸೆಟ್ಟನ್ನು ಅದೇ ಬೋಲ್ಟ್‌ಗಳಿಗೆ ತಗುಲಿಸಲೂಬಹುದು.